ಬಲಗಡೆಯ ಬಟ್ಟಲು

ಯಂತ್ರಗಳಲ್ಲಿ ತಿರುಗುವ ಭಾಗಗಳನ್ನು ಎಲ್ಲರೂ ನೋಡುತ್ತಾರೆ. ಅವು ತಿರುಗಲೆಂದು ತಾವು ತಿರುಗದೆ ನಿಂತಿರುವ ಭಾಗಗಳನ್ನು ನೋಡುವವರು ವಿರಳ. ಬೈಸಿಕಲ್ಲಿನ ವಿಷಯದಲ್ಲಿಯೂ ಹೀಗೆಯೇ. ಚಕ್ರ, ಸರಪಳಿ, ಪೆಡಲು ಇವು ಕಣ್ಣಿಗೆ ಬೀಳುತ್ತವೆ. ಆದರೆ ಸವಾರನ ಎರಡು ಕಾಲುಗಳ ಬಲವೂ ಮೊದಲು ಬಂದು ಸೇರತಕ್ಕ ಸ್ಥಳವೆಂದರೆ, ಚೌಕಟ್ಟಿನ ತಳದಲ್ಲಿ, ಕೆಸರೂ ಧೂಳೂ ಮೆತ್ತಿಕೊಳ್ಳುವ ಎಡೆಯಲ್ಲಿ ಅಡಗಿರುವ ಒಂದು ಗಿಡ್ಡ ಕೊಳವೆ. ಅಂಗಡಿಯವರು ಇದನ್ನು ಬಾಟಮ್ ಬ್ರಾಕೆಟ್ ಎನ್ನುತ್ತಾರೆ. ಇದರ ಅಗಲ ಬಹುಮಟ್ಟಿಗೆ 68 ಮಿಲಿಮೀಟರು. ಎರಡು ಬಾಯಿಗಳಲ್ಲಿಯೂ ಒಳಗೋಡೆಗೆ ತಿರುಪಿನ ಗೆರೆಗಳನ್ನು ಕೊರೆದಿರುತ್ತಾರೆ. ಎಡಕ್ಕೊಂದು ಬಲಕ್ಕೊಂದು ಉಕ್ಕಿನ ಬಟ್ಟಲನ್ನು ಆ ಗೆರೆಗಳಿಗೆ ಹೊಂದಿಸಿ ತಿರುಗಿಸಿ ಕೂರಿಸುತ್ತಾರೆ. ಬಟ್ಟಲೊಂದಕ್ಕೆ ಸಾಮಾನ್ಯವಾಗಿ ಕಾಲು ಅಂಗುಲದ 11 ಗುಂಡುಗಳು. ಆ ಗುಂಡುಗಳ ನಡುವೆ ಅಚ್ಚು. ಅಚ್ಚಿನ ಎರಡು ತುದಿಗಳಿಗೆ ಪೆಡಲನ್ನು ಹೊತ್ತ ಕ್ರ್ಯಾಂಕುಗಳು. ಅಚ್ಚು ತಿರುಗುತ್ತದೆ, ಗುಂಡುಗಳು ಉರುಳುತ್ತವೆ. ಬಟ್ಟಲುಗಳು ಮಾತ್ರ ಅಲುಗದೆ ಇರಬೇಕು. ಅವುಗಳನ್ನು ಅಲುಗದಂತೆ ಹಿಡಿದಿರುವುದು ಸಣ್ಣದಾದ ಕೆಲವೇ ಗೆರೆಗಳು. ಆ ಗೆರೆಗಳು ಕೆಟ್ಟರೆ, ಉಳಿದ ಸಮಸ್ತವೂ ನೆಟ್ಟಗಿದ್ದರೂ ಬಂಡಿಯು ನಡೆಯದು.

ತುಂಗಾನದಿಯ ದಡದ ತೀರ್ಥಹಳ್ಳಿಗೆ ಎರಡು ಹರಿದಾರಿ ದೂರದ ಹಳ್ಳಿಯೊಂದರಲ್ಲಿ ವಾಸವಾಗಿದ್ದ ವೃದ್ಧ ಪುರೋಹಿತರೊಬ್ಬರಿಗೆ 2018ನೆಯ ಇಸವಿಯ ಕಾರ್ತಿಕ ಮಾಸದಲ್ಲಿ ಈ ಸಂಗತಿಯು ಅನುಭವದಿಂದಲೇ ತಿಳಿಯಬೇಕಾಗಿ ಬಂದಿತು. ಅವರಲ್ಲಿದ್ದ ಬೈಸಿಕಲ್ಲು ತಂದೆಯ ಕಾಲದ್ದು. ಇಂಗ್ಲೆಂಡಿನಲ್ಲಿ ತಯಾರಾಗಿ 1948ರಲ್ಲಿ ಆ ಮನೆಯ ಅಂಗಳಕ್ಕೆ ಬಂದದ್ದು. ತಂದೆಯವರು ಅದರ ಮೇಲೆಯೇ ಊರೂರಿಗೆ ಹೋಗಿ ಪೌರೋಹಿತ್ಯ ನಡೆಸಿದವರು. ಮಗನಾದ ಭಟ್ಟರೂ ಅದನ್ನೇ ಅನುಸರಿಸಿದರು. ಮನೆಯಲ್ಲಿ ಮಕ್ಕಳು ತಂದ ಮೋಟಾರು ಬಂಡಿ ಇದ್ದರೂ, ಹತ್ತಿರದ ಮನೆಗಳ ಶ್ರಾದ್ಧಕ್ಕೆ, ತಿಥಿವಾರ ಹೇಳುವುದಕ್ಕೆ, ಹೂವು ದರ್ಭೆಗಳನ್ನು ತರುವುದಕ್ಕೆ ಅವರಿಗೆ ಆ ಬೈಸಿಕಲ್ಲೇ ಆಗಬೇಕು.

ತಂದೆಯು ಮಗನಿಗೆ ಮಂತ್ರವನ್ನು ಕಲಿಸಿದಂತೆಯೇ ಬೈಸಿಕಲ್ಲಿನ ಆರೈಕೆಯನ್ನೂ ಕಲಿಸಿದ್ದರು. ವರ್ಷಕ್ಕೊಮ್ಮೆ, ಮಳೆಗಾಲ ಕಳೆದ ಮೇಲೆ, ಎಡಗಡೆಯ ಬಿಗಿಬಳೆಯನ್ನು ಸಡಿಲಿಸಿ, ಎಡ ಬಟ್ಟಲನ್ನು ಕೂದಲಷ್ಟು ಒಳಕ್ಕೆ ತಿರುಗಿಸಿ, ಮತ್ತೆ ಬಳೆಯನ್ನು ಬಿಗಿ ಮಾಡತಕ್ಕದ್ದು. ಗ್ರೀಸು ಒಣಗಿದ್ದರೆ ಆ ಕಡೆಯಿಂದಲೇ ಗುಂಡುಗಳನ್ನು ತೆಗೆದು, ಸೀಮೆಎಣ್ಣೆಯಲ್ಲಿ ತೊಳೆದು, ಹೊಸದಾಗಿ ಗ್ರೀಸು ಹಚ್ಚಿ ಜೋಡಿಸತಕ್ಕದ್ದು. ಇಷ್ಟನ್ನು ಕಲಿಸಿದ ತರುವಾಯ ತಂದೆಯವರು ಒಂದು ಮಾತನ್ನು ಹೇಳಿದ್ದರು: “ಬಲಗಡೆಯ ಬಟ್ಟಲಿಗೆ ಮಾತ್ರ ಕೈ ಹಾಕಬೇಡ.” ಏಕೆಂಬುದನ್ನು ಅವರು ಹೇಳಲಿಲ್ಲ, ಮಗನು ಕೇಳಲೂ ಇಲ್ಲ. ಮೀಮಾಂಸಕರ ಮಾತಿನಲ್ಲಿ ಹೇಳುವುದಾದರೆ ಅದು ಅರ್ಥವಾದವಿಲ್ಲದ ನಿಷೇಧವಾಕ್ಯ. ಅಂತಹ ವಾಕ್ಯವು ಹೇಳಿದವನ ಗೌರವದ ಬಲದಿಂದ ಒಂದು ತಲೆಮಾರು ನಡೆಯುತ್ತದೆ. ಅನಂತರ ಅದನ್ನು ಮೀರಬೇಕೆಂಬ ಸಂದರ್ಭವು ಹೇಗಾದರೂ ಒದಗಿ ಬರುತ್ತದೆ.

ಒದಗಿ ಬಂದ ಸಂದರ್ಭವು ಹೀಗಿತ್ತು. ಪೆಡಲು ತುಳಿದಾಗಲೆಲ್ಲ ಅಡಿಯಿಂದ ‘ಕಟ್ ಕಟ್’ ಎಂಬ ಶಬ್ದ ಬರತೊಡಗಿತು. ಕ್ರ್ಯಾಂಕನ್ನು ಹಿಡಿದು ಅಲುಗಿಸಿದರೆ ಅಚ್ಚು ಅತ್ತಿತ್ತ ಓಲಾಡುತ್ತಿತ್ತು. ಏರಿನಲ್ಲಿ ಸರಪಳಿಯು ಹಲ್ಲುಚಕ್ರದಿಂದ ಕಳಚಿ ಬೀಳುತ್ತಿತ್ತು. ಭಟ್ಟರು ಎಡಗಡೆಯಿಂದ ಮಾಡತಕ್ಕದ್ದನ್ನೆಲ್ಲ ಮಾಡಿದರು. ಬಿಗಿ ಮಾಡಿದರೆ ಅಚ್ಚು ತಿರುಗುವಾಗ ಒಂದೆಡೆ ಹಿಡಿಯುವುದು, ಮತ್ತೊಂದೆಡೆ ಸಡಿಲವಾಗುವುದು. ಎಡಗಡೆಯ ದೋಷವಲ್ಲವೆಂದ ಮೇಲೆ ಬಲಗಡೆಯದೇ ಇರಬೇಕೆಂದು ಅವರು ತರ್ಕಿಸಿದರು. ತರ್ಕವೇನೋ ನೇರವಾಗಿತ್ತು, ನಡುವೆ ಇರುವ ಅಚ್ಚನ್ನು ಅದು ಮರೆತಿತ್ತು. ಒಂದು ಅಪರಾಹ್ಣ ಮನೆಯಲ್ಲಿ ಯಾರೂ ಇಲ್ಲದಿರುವಾಗ ಕಾಟರ್ ಪಿನ್ನನ್ನು ಸುತ್ತಿಗೆಯಿಂದ ಬಡಿದು ತೆಗೆದು, ಹಲ್ಲುಚಕ್ರವನ್ನು ಕಳಚಿ, ಬಲ ಬಟ್ಟಲಿಗೆ ದೊಡ್ಡ ಪಾನಾ ಹಿಡಿಸಿ, ಲೋಕದಲ್ಲಿ ತಿರುಪುಗಳನ್ನು ಬಿಚ್ಚುವ ಕ್ರಮದಂತೆ ಅಪ್ರದಕ್ಷಿಣವಾಗಿ ತಿರುಗಿಸಿದರು. ಬಟ್ಟಲು ಅಲುಗಲಿಲ್ಲ. ತುಕ್ಕು ಹಿಡಿದಿದೆ ಎಂದುಕೊಂಡು ಪಾನಾದ ಹಿಡಿಗೆ ಒಂದು ಮೊಳದ ಕಬ್ಬಿಣದ ಕೊಳವೆಯನ್ನು ಸೇರಿಸಿ ಮೈಭಾರವನ್ನೆಲ್ಲ ಹಾಕಿದರು. ಆಗ ಬಟ್ಟಲು ತಿರುಗಿತು. ಆದರೆ ತಿರುಪು ಬಿಚ್ಚಿದಂತೆ ತಿರುಗಲಿಲ್ಲ. ಬೆಣ್ಣೆಯಲ್ಲಿ ಚಮಚ ಆಡಿದಂತೆ ಆಡಿತು. ಏನನ್ನು ಮಾಡಿದೆನೆಂಬುದು ಭಟ್ಟರ ಕೈಗೆ ಆ ಕ್ಷಣವೇ ತಿಳಿಯಿತು. ಏತಕ್ಕೆ ಹಾಗಾಯಿತೆಂಬುದು ಬುದ್ಧಿಗೆ ತಿಳಿಯಲಿಲ್ಲ.

ಮರುದಿನ ಬೈಸಿಕಲ್ಲನ್ನು ಬಾಡಿಗೆಯ ಬಂಡಿಯಲ್ಲಿ ಹೇರಿಕೊಂಡು ಪೇಟೆಗೆ ಹೋದರು. ಮೊದಲು ಕಂಡ ಅಂಗಡಿಯ ತರುಣನು ಬೆಳಕು ಹಾಯಿಸಿ ನೋಡಿ, “ತ್ರೆಡ್ಡು ಪೂರ್ತಿ ಹೋಗಿದೆ. ಬಟ್ಟಲನ್ನು ಒಳಗಿಟ್ಟು ವೆಲ್ಡಿಂಗ್ ಮಾಡಿಸಿಬಿಡಿ, ಅರ್ಧ ಗಂಟೆಯ ಕೆಲಸ, ಮೇಲೆ ಬಣ್ಣ ಬಳಿದರೆ ಗೊತ್ತೂ ಆಗುವುದಿಲ್ಲ” ಎಂದನು. ಗೊತ್ತೂ ಆಗುವುದಿಲ್ಲ ಎಂಬ ಮಾತು ಭಟ್ಟರಿಗೆ ಹಿತವಾಗಿ ಕೇಳಿಸಿತು. ಆದರೂ, ತಂದೆಯವರ ಕಾಲದಿಂದ ಪರಿಚಯವಿದ್ದ ಹಳೆಯ ಮೇಸ್ತ್ರಿಯವರನ್ನು ಒಂದು ಮಾತು ಕೇಳಿಬಿಡೋಣವೆಂದು ಬಸ್ಸುನಿಲ್ದಾಣದ ಹಿಂದಣ ಓಣಿಗೆ ಹೋದರು.

ಮೇಸ್ತ್ರಿಯವರು ಕನ್ನಡಕವನ್ನು ಏರಿಸಿಕೊಂಡು ಬಹಳ ಹೊತ್ತು ಕೊಳವೆಯೊಳಗೆ ನೋಡಿದರು. ಅನಂತರ ಕೇಳಿದರು: “ಭಟ್ರೇ, ಇದು ಎಷ್ಟು ದಿನದಿಂದ ಹೀಗಿದೆ?”

“ಬಹಳ ಕಾಲವಾಯಿತು ಮೇಸ್ತ್ರಿ. ಎಪ್ಪತ್ತು ವರ್ಷದ ವಸ್ತು, ಸವೆದು ಹೋಗಿದೆ” ಎಂದರು ಭಟ್ಟರು.

ಮೇಸ್ತ್ರಿಯವರು ಅದಕ್ಕೆ ಏನನ್ನೂ ಹೇಳದೆ ಕೈ ಒರಸಿಕೊಂಡರು. “ಸವೆದದ್ದಾದರೆ ನಾನು ಮಾಡುವುದು ಏನೂ ಇಲ್ಲ. ಸವೆಯುವುದೆಂದರೆ ಲೋಹವೇ ಪುಡಿಯಾಗಿ ಹೊರಟುಹೋಗುವುದು. ಇಲ್ಲದ್ದನ್ನು ನಾನೆಲ್ಲಿಂದ ತರಲಿ? ಆ ಹುಡುಗ ಹೇಳಿದ ವೆಲ್ಡಿಂಗೇ ಗತಿ. ಜೋರು ಮಾಡಿ ತಿರುಗಿಸಿದ್ದರಿಂದ ಕೆಟ್ಟದ್ದಾದರೆ ಮಾತು ಬೇರೆ. ಆಗ ಲೋಹ ಸ್ವಲ್ಪ ಹರಿದಿರುತ್ತದೆ, ಬಹುಪಾಲು ಮಡಚಿಕೊಂಡು ಅಲ್ಲೇ ಬಿದ್ದಿರುತ್ತದೆ. ಮಡಚಿದ್ದನ್ನು ಎಬ್ಬಿಸಬಹುದು. ಅದಕ್ಕೇ ಕೇಳಿದೆ.”

ಭಟ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಎಪ್ಪತ್ತರ ಸಮೀಪದ ವಯಸ್ಸು. ಊರಿಗೆ ತಿಥಿ ಹೇಳುವ ಬಾಯಿ. ಓಣಿಯಲ್ಲಿ ಕುಳಿತಿದ್ದ ಇಬ್ಬರು ಹುಡುಗರು ಕೇಳುತ್ತಿದ್ದರು. “ನಿನ್ನೆ ಮಧ್ಯಾಹ್ನ ನಾನೇ ತಿರುಗಿಸಿದೆ,” ಎಂದರು, “ಪಾನಾಕ್ಕೆ ಕೊಳವೆ ಹಾಕಿ ತಿರುಗಿಸಿದೆ. ಬಲಗಡೆ ಕೈ ಹಾಕಬೇಡವೆಂದು ತಂದೆಯವರು ಹೇಳಿದ್ದರು.”

“ಯಾವ ಕಡೆಗೆ ತಿರುಗಿಸಿದಿರಿ?”

“ಬಿಚ್ಚುವ ಕಡೆಗೆ. ಅಪ್ರದಕ್ಷಿಣವಾಗಿ.”

ಮೇಸ್ತ್ರಿಯವರ ಮುಖದಲ್ಲಿ ನಗೆಯೂ ಮರುಕವೂ ಬೆರೆತವು. “ಬಲಗಡೆಯದು ಉಲ್ಟಾ ತಿರುಪು, ಭಟ್ರೇ. ನೀವು ಬಿಚ್ಚುತ್ತಿರಲಿಲ್ಲ, ಬಿಗಿ ಮಾಡುತ್ತಿದ್ದಿರಿ.”

ಬಲಗಡೆಯ ತಿರುಪು ಏತಕ್ಕೆ ವಿಪರೀತವಾಗಿರಬೇಕೆಂಬುದು ವಿಚಾರಾರ್ಹವಾದ ವಿಷಯ. ದೊಡ್ಡ ಬಳೆಯೊಂದನ್ನು ಹಲಗೆಯ ಮೇಲೆ ಒತ್ತಿ ಹಿಡಿದು, ಅದರೊಳಗೆ ಅದಕ್ಕಿಂತ ಕೂದಲಷ್ಟೇ ಚಿಕ್ಕದಾದ ಬಳೆಯನ್ನಿಟ್ಟು, ಎಣ್ಣೆ ಹಚ್ಚಿದ ಬೆರಳಿನಿಂದ ಒಳಬಳೆಯನ್ನು ಹೊರಬಳೆಗೆ ಒತ್ತುತ್ತ ಬೆರಳನ್ನು ಪ್ರದಕ್ಷಿಣವಾಗಿ ಸುತ್ತಿಸಿದರೆ, ಒಳಬಳೆಯು ಮೆಲ್ಲಮೆಲ್ಲಗೆ ಅಪ್ರದಕ್ಷಿಣವಾಗಿ ಸರಿಯುವುದನ್ನು ಕಾಣಬಹುದು. ಬೆರಳು ಹೋಗುವುದು ಒಂದು ಕಡೆಗೆ, ಬಳೆಯು ಉರುಳುವುದು ಅದಕ್ಕೆ ಎದುರು ಕಡೆಗೆ. ಬಾಟಮ್ ಬ್ರಾಕೆಟ್ಟಿನಲ್ಲಿ ಹೊರಬಳೆಯ ಸ್ಥಾನದಲ್ಲಿ ಕೊಳವೆ, ಒಳಬಳೆಯ ಸ್ಥಾನದಲ್ಲಿ ಬಟ್ಟಲು, ಬೆರಳಿನ ಸ್ಥಾನದಲ್ಲಿ ಗುಂಡುಗಳ ಮೂಲಕ ಬರುವ ತುಳಿತದ ಭಾರ. ಬಲಗಡೆ ನಿಂತು ನೋಡಿದರೆ ಅಚ್ಚು ಪ್ರದಕ್ಷಿಣವಾಗಿ ತಿರುಗುತ್ತದೆ. ಆದುದರಿಂದ ಬಟ್ಟಲು ಅಪ್ರದಕ್ಷಿಣವಾಗಿ ಸರಿಯಲು ಯತ್ನಿಸುತ್ತದೆ. ಅಲ್ಲಿ ಸಾಮಾನ್ಯವಾದ ತಿರುಪನ್ನಿಟ್ಟರೆ ಸವಾರನು ತುಳಿದಂತೆಲ್ಲ ಬಟ್ಟಲು ತಾನಾಗಿ ಬಿಚ್ಚಿಕೊಳ್ಳುವುದು. ಇದನ್ನು ತಡೆಯಲೆಂದೇ ಅಪ್ರದಕ್ಷಿಣವಾಗಿ ಬಿಗಿಯುವ ತಿರುಪನ್ನು ಅಲ್ಲಿ ಕೊರೆದಿದ್ದಾರೆ. ಎಡಗಡೆ ನಿಂತು ನೋಡಿದರೆ ಇದೆಲ್ಲವೂ ತಿರುವುಮುರುವಾಗುವುದರಿಂದ ಅಲ್ಲಿ ಸಾಮಾನ್ಯವಾದ ತಿರುಪೇ ಸಾಕು.

ಪೆಡಲುಗಳಲ್ಲಿಯೂ ಇಂತಹುದೇ ಉಪಾಯವಿದೆ. ಅಲ್ಲಿ ವಿಪರೀತವಾದದ್ದು ಎಡಗಡೆಯ ಪೆಡಲಿನ ತಿರುಪು. ವಿಮಾನವನ್ನು 1903ರಲ್ಲಿ ಹಾರಿಸಿ ಲೋಕಪ್ರಸಿದ್ಧರಾದ ರೈಟ್ ಸಹೋದರರು ಅಮೆರಿಕದ ಡೇಟನ್ ನಗರದಲ್ಲಿ ಬೈಸಿಕಲ್ಲಿನ ವ್ಯಾಪಾರ ನಡೆಸುತ್ತಿದ್ದವರಷ್ಟೆ. ತುಳಿಯುವಾಗ ಕಳಚಿಕೊಳ್ಳದ ಪೆಡಲೆಂದು 1900ರಲ್ಲಿ ಅವರು ಸಾರಿದ್ದು ಹೀಗೆ ಎಡ ಪೆಡಲಿಗೆ ವಿಪರೀತದ ತಿರುಪನ್ನಿಟ್ಟೇ. ಬಟ್ಟಲುಗಳ ವಿಷಯದಲ್ಲಿ ಮಾತ್ರ ಎಲ್ಲ ದೇಶದವರೂ ಏಕಾಭಿಪ್ರಾಯದವರಲ್ಲ. ಇಂಗ್ಲೆಂಡಿನ ರೂಢಿಯ ಅಳತೆ 1.370 ಅಂಗುಲದ ವ್ಯಾಸ, ಅಂಗುಲಕ್ಕೆ 24 ಗೆರೆ, ಬಲಗಡೆ ವಿಪರೀತ. ಇಟಲಿಯವರದು 36 ಮಿಲಿಮೀಟರಿನ ವ್ಯಾಸ, ಗೆರೆ ಅಂಗುಲಕ್ಕೆ 24 ಆದರೂ ಎರಡು ಕಡೆಯೂ ಸಾಮಾನ್ಯವಾದ ತಿರುಪು. ಆದುದರಿಂದ ಅವರ ಬಲ ಬಟ್ಟಲನ್ನು ಬಹಳ ಬಿಗಿಯಾಗಿ ಕೂರಿಸಬೇಕಾಗುತ್ತದೆ. ಇಂಗ್ಲೆಂಡಿನಲ್ಲಿಯೇ ನಾಟಿಂಗ್‌ಹ್ಯಾಮಿನ ರಾಲಿ ಕಂಪನಿಯವರು ತಮ್ಮ ಬಹುಮಂದಿ ಬೈಸಿಕಲ್ಲುಗಳಿಗೆ ಅಂಗುಲಕ್ಕೆ 26 ಗೆರೆಯನ್ನು ಕೊರೆದರು. 24ರ ಬಟ್ಟಲು 26ರ ಕೊಳವೆಯಲ್ಲಿ ಒಂದೆರಡು ಸುತ್ತು ಹೋದಂತೆ ಮಾಡಿ ನಿಲ್ಲುತ್ತದೆ. ಅಲ್ಲಿ ಬಲಪ್ರಯೋಗ ಮಾಡಿದವನಿಗೆ ಎರಡೂ ಕೆಡುತ್ತವೆ.

ಮೇಸ್ತ್ರಿಯವರು ಬಾಚಣಿಗೆಯ ಹಲ್ಲಿನಂತಹ ಅಳತೆಪಟ್ಟಿಯನ್ನು ಹಿಡಿದು, 24 ಗೆರೆಯೆಂದು ನಿಶ್ಚಯಿಸಿಕೊಂಡರು. ಆಮೇಲೆ ವೆಲ್ಡಿಂಗು ಏಕೆ ಬೇಡವೆಂಬುದನ್ನು ತಾವಾಗಿಯೇ ಹೇಳಿದರು. ಬಟ್ಟಲಿನ ಒಳಮೈಗೆ ಕಾಠಿಣ್ಯವನ್ನು ಕೊಟ್ಟಿರುವುದರಿಂದಲೇ ಗುಂಡುಗಳು ಅದರ ಮೇಲೆ ವರ್ಷಗಟ್ಟಲೆ ಉರುಳಬಲ್ಲವು. ಬೆಸುಗೆಯ ಕಾವು ತಗುಲಿದರೆ ಆ ಕಾಠಿಣ್ಯವು ಹೋಗಿ ಗುಂಡಿನ ದಾರಿ ಬೇಗನೆ ಕುಳಿ ಬೀಳುತ್ತದೆ. ಕುಳಿ ಬಿದ್ದ ಬಟ್ಟಲನ್ನು ಬದಲಿಸೋಣವೆಂದರೆ ಅದು ಕೊಳವೆಗೆ ಅಂಟಿಕೊಂಡಿರುತ್ತದೆ. “ಅಲ್ಲಿಗೆ ಈ ಚೌಕಟ್ಟಿನ ಕಥೆ ಮುಗಿಯಿತು. ಇನ್ನೊಬ್ಬನು ಕೈ ಹಾಕದಂತೆ ಮಾಡುವುದು ರಿಪೇರಿಯೇ ಅಲ್ಲ ಭಟ್ರೇ” ಎಂದರು. ತಗಡಿನ ಪಟ್ಟಿಯನ್ನು ಸುತ್ತಿ ಬಟ್ಟಲನ್ನು ತುರುಕುವ ರೂಢಿಯೂ ಉಂಟು. ಅದು ಹತ್ತು ದಿನದ ಮಾತು. ಕೊಳವೆಯನ್ನು ದೊಡ್ಡದಾಗಿ ಕೊರೆದು ಇಟಲಿಯ ಅಳತೆಗೆ ಮಾರ್ಪಡಿಸಬಹುದು. ಆದರೆ ಆ ಕೊರೆಯುವ ಸಾಧನವೂ ಆ ಬಟ್ಟಲೂ ಸಣ್ಣ ಪೇಟೆಯಲ್ಲಿ ದೊರೆಯತಕ್ಕವಲ್ಲ. ತಿರುಪಿನ ಗೆರೆಯನ್ನೇ ನೆಚ್ಚದೆ, ಎರಡು ಕಡೆಯಿಂದಲೂ ಕೊಳವೆಯ ಬಾಯನ್ನು ಅಮುಕಿ ಹಿಡಿಯುವ ಹೊಸ ಬಗೆಯ ಜೋಡಣೆಗಳೂ ಉಂಟು. ಕೆಟ್ಟ ಗೆರೆಯ ಚೌಕಟ್ಟನ್ನು ಉಳಿಸುವುದಕ್ಕೆ ದೊಡ್ಡ ನಗರಗಳಲ್ಲಿ ಅವು ಒಳ್ಳೆಯ ಉಪಾಯ. ಆದರೆ ಅವುಗಳ ಅಚ್ಚು ಕಾಟರ್ ಪಿನ್ನಿನ ಹಳೆಯ ಕ್ರ್ಯಾಂಕುಗಳಿಗೆ ಒಗ್ಗದು.

ಮೇಸ್ತ್ರಿಯವರು ಆರಿಸಿಕೊಂಡ ಮಾರ್ಗವು ಬೇರೆ. ನಲವತ್ತು ವರ್ಷಗಳ ಹಳೆಯ ಸಾಮಾನುಗಳಿದ್ದ ಡಬ್ಬಿಯನ್ನು ನೆಲಕ್ಕೆ ಸುರಿದು, ಅದೇ ಅಳತೆಯ, ಗುಂಡಿನ ದಾರಿ ಕುಳಿಬಿದ್ದು ಎಸೆದಿದ್ದ ಬಲಗಡೆಯ ಬಟ್ಟಲೊಂದನ್ನು ಹುಡುಕಿ ತೆಗೆದರು. ಅದರ ಒಳಮೈ ಕೆಟ್ಟಿದ್ದರೂ ಹೊರಗಿನ ಗೆರೆಗಳು ಚೆನ್ನಾಗಿಯೇ ಇದ್ದವು. ಸಾಣೆಯ ಚಕ್ರಕ್ಕೆ ಹಿಡಿದು ಆ ಗೆರೆಗಳಿಗೆ ಅಡ್ಡಲಾಗಿ ಮೂರು ಕಡೆ ಕಾಲುವೆಗಳನ್ನು ಮಾಡಿದರು. ಕಾಲುವೆಯ ಅಂಚುಗಳೇ ಉಳಿಯ ಬಾಯಿಯಂತಾದವು. ತನ್ನ ಕೆಲಸಕ್ಕೆ ಬಾರದೆ ಹೋದ ಬಟ್ಟಲು ಹೀಗೆ ಗೆರೆ ತಿದ್ದುವ ಸಾಧನವಾಯಿತು. ಎಡಗಡೆ ಭಟ್ಟರದೇ ಬಟ್ಟಲನ್ನು ಕೂರಿಸಿ, ಅದರ ಮೂಲಕ ಹಳೆಯ ಅಚ್ಚನ್ನು ತೂರಿಸಿ, ಸಾಧನವನ್ನು ಆ ಅಚ್ಚಿನ ಮೇಲೆ ಸಾಗಿಸಿ ಬಲ ಬಾಯಿಗೆ ತಂದರು. ಅಚ್ಚು ಆಧಾರವಾಗಿದ್ದುದರಿಂದ ಸಾಧನವು ಓರೆಯಾಗುವ ಭಯವಿರಲಿಲ್ಲ.

“ಹಿಡಿಯಿರಿ ಭಟ್ರೇ, ನೀವೇ ತಿರುಗಿಸಿ” ಎಂದರು ಮೇಸ್ತ್ರಿಯವರು.

“ಕೆಡಿಸಿದ ಕೈ, ಬೇಡ.”

“ಕೆಡಿಸಿದ ಕೈಗೇ ಗೊತ್ತಾಗಬೇಕು. ಒಳಕ್ಕೆ ಹೋಗುವುದು ಅಪ್ರದಕ್ಷಿಣ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ತಡೆದರೆ ಒತ್ತಬೇಡಿ; ಹಿಂದಕ್ಕೆ ಬನ್ನಿ, ಎಣ್ಣೆ ಬಿಡಿ, ಪುಡಿ ಒರಸಿ, ಮತ್ತೆ ಹೋಗಿ.”

ದೇವಕಾರ್ಯಕ್ಕೆ ಪ್ರದಕ್ಷಿಣ, ಪಿತೃಕಾರ್ಯಕ್ಕೆ ಅಪ್ರದಕ್ಷಿಣವೆಂಬ ಕ್ರಮವನ್ನು ಭಟ್ಟರು ಬಾಲ್ಯದಿಂದ ಆಚರಿಸಿಕೊಂಡು ಬಂದವರು. ತಂದೆಯ ಬೈಸಿಕಲ್ಲಿನ ಮುಂದೆ ಮಂಡಿಯೂರಿ ಎಡಕ್ಕೆ ಕೈ ತಿರುಗಿಸುತ್ತಿರುವಾಗ ಅವರಿಗೆ ಅದು ನೆನಪಾಗದೆ ಇರಲಿಲ್ಲ. ಆದರೆ ಬಾಯಿಬಿಟ್ಟು ಹೇಳಲಿಲ್ಲ. ಮಡಚಿಕೊಂಡಿದ್ದ ಗೆರೆಯ ತುಣುಕುಗಳು ಸಾಧನದ ಬಾಯಿಗೆ ಸಿಕ್ಕಿ ಕೆಲವು ಮುರಿದು ಕಾಲುವೆಗೆ ಬಿದ್ದವು, ಕೆಲವು ಎದ್ದು ತಮ್ಮ ಸ್ಥಾನಕ್ಕೆ ಬಂದವು. ಮುಕ್ಕಾಲು ಗಂಟೆಯ ಕಾಲ ಹೀಗೆಯೇ ನಡೆಯಿತು. ಎರಡು ಬಾರಿ ತಡೆಯಾದಾಗ ಅವರ ಭುಜವು ತಾನಾಗಿಯೇ ಒತ್ತಲು ಹೊರಟಿತು. ಎರಡು ಬಾರಿಯೂ ಹಿಂದಕ್ಕೆ ಬಂದರು. ಒಂದು ದಿನದ ಹಿಂದೆ ಅವರಿಗೆ ತಿಳಿಯದೆ ಹೋಗಿದ್ದುದು ಇಷ್ಟೇ: ತಡೆಯೆಂಬುದು ವಸ್ತುವು ಆಡುವ ಮಾತು, ಹಗೆತನವಲ್ಲ.

ಬಟ್ಟಲಿಗೆ ಬೇಕಾದ ಎಂಟು ಸುತ್ತು ಗೆರೆಗಳಲ್ಲಿ ಹೊರಗಿನ ಮೂರು ಹೋಗಿಯೇ ಹೋಗಿದ್ದವು. ಬಟ್ಟಲಿನ ಅಂಚು ಕೊಳವೆಯ ಬಾಯಿಗೆ ತಾಗಿದ ಮೇಲೂ ಬಿಗಿ ಮಾಡುತ್ತ ಹೋದರೆ ಹೆಚ್ಚಿನ ಭಾರ ಬೀಳುವುದು ಆ ಹೊರಗಿನ ಗೆರೆಗಳ ಮೇಲೆಯೇ. ಒಳಗಿನ ಐದು, ತುದಿ ಸ್ವಲ್ಪ ಮೊಂಡಾಗಿದ್ದರೂ, ಮರಳಿ ದೊರೆತವು. ಕೊಳವೆಯನ್ನು ತೊಳೆದು, ಎಣ್ಣೆಯ ಪಸೆಯಿಲ್ಲದಂತೆ ಒರಸಿ, ಭಟ್ಟರ ಬಟ್ಟಲಿನ ಗೆರೆಗಳಿಗೆ ಮೇಸ್ತ್ರಿಯವರು ಹಸಿರು ಬಣ್ಣದ ದ್ರವವೊಂದನ್ನು ಹಚ್ಚಿದರು. ಲೋಹಲೋಹಗಳ ನಡುವೆ ಗಾಳಿಯಿಲ್ಲದ ಸಂದಿನಲ್ಲಿ ಮಾತ್ರ ಗಟ್ಟಿಯಾಗತಕ್ಕ ಅಂಟು ಅದು. ಗೆರೆ ಕಡಮೆಯಾದಲ್ಲಿ ಅದು ತುಂಬಿ ನಿಲ್ಲುತ್ತದೆ. ಮುಂದೆ ತೆಗೆಯಬೇಕಾದಾಗ ಚೆನ್ನಾಗಿ ಕಾಯಿಸಿದರೆ ಸಡಿಲವಾಗುತ್ತದೆ. ಬಟ್ಟಲನ್ನು ಅಪ್ರದಕ್ಷಿಣವಾಗಿ ತಿರುಗಿಸಿ ಕೂರಿಸಿದರು. ಕೊನೆಯಲ್ಲಿ ಅದು ಬಿಗಿಯಿತು. ಬೆಣ್ಣೆಯಲ್ಲಿ ಆಡಿದಂತೆ ಆಡಲಿಲ್ಲ.

ಇಷ್ಟಾದ ಮೇಲೆ ಮೂಲ ದೋಷದ ವಿಚಾರ. ಮೇಸ್ತ್ರಿಯವರು ಹಳೆಯ ಅಚ್ಚನ್ನು ಬೆಳಕಿಗೆ ಹಿಡಿದು ತೋರಿಸಿದರು. ಗುಂಡುಗಳು ಉರುಳುವ ದಾರಿಯಲ್ಲಿ ಒಂದು ಮಗ್ಗುಲು ಕುಳಿ ಬಿದ್ದಿತ್ತು. ಓಲಾಟಕ್ಕೂ ಶಬ್ದಕ್ಕೂ ಕಾರಣ ಅದೊಂದೇ. ಬಲ ಬಟ್ಟಲಿನಲ್ಲಿ ಯಾವ ದೋಷವೂ ಇರಲಿಲ್ಲ. ಎಡಗಡೆಯಿಂದಲೇ ಅಚ್ಚನ್ನು ಹೊರಕ್ಕೆಳೆದು ಹೊಸದನ್ನು ಹಾಕಿದ್ದರೆ ಕೆಲಸವು ಮುಗಿಯುತ್ತಿತ್ತು. ತಂದೆಯ ನಿಷೇಧವನ್ನು ಮೀರುವ ಅಗತ್ಯವೇ ಇರಲಿಲ್ಲವೆಂಬುದನ್ನು ಭಟ್ಟರು ಮೌನವಾಗಿ ಕೇಳಿಕೊಂಡರು.

ಅಂಟು ಗಟ್ಟಿಯಾಗಲೆಂದು ಬೈಸಿಕಲ್ಲನ್ನು ಒಂದು ರಾತ್ರಿ ಅಲ್ಲಿಯೇ ಬಿಟ್ಟು, ಮರುದಿನ ಹೊಸ ಅಚ್ಚು, 22 ಹೊಸ ಗುಂಡು, ಹೊಸ ಕಾಟರ್ ಪಿನ್ನುಗಳನ್ನು ಹಾಕಿಸಿಕೊಂಡು ಭಟ್ಟರು ಊರಿಗೆ ತುಳಿದುಕೊಂಡೇ ಹೋದರು. ಏರಿನಲ್ಲಿ ಸರಪಳಿ ಕಳಚಲಿಲ್ಲ. ಎಳ್ಳಮಾವಾಸ್ಯೆಯ ಜಾತ್ರೆಗೆ ಬರುವ ಹೊತ್ತಿಗೆ ಅದರ ಮೇಲೆ ನೂರಾರು ಮೈಲಿ ಸುತ್ತಿದ್ದರು. ಮೇಸ್ತ್ರಿಯವರು ಬಟ್ಟಲನ್ನು ಮುಟ್ಟಿ ನೋಡಿ, ತಲೆಯಾಡಿಸಿ, ಚಹಾ ತರಿಸಿದರು.

ಬೆಸುಗೆ ಹಾಕಿಸಿದ್ದರೆ ತಪ್ಪೂ ಮುಚ್ಚಿಹೋಗುತ್ತಿತ್ತು, ಕೊಳವೆಯೂ ಮುಚ್ಚಿಹೋಗುತ್ತಿತ್ತು. ಕೆಟ್ಟ ಬಗೆಯನ್ನು ಮರೆಯಿಲ್ಲದೆ ಹೇಳಿದುದರಿಂದ ಔಷಧವು ಬೇರೆಯಾಯಿತು. ಐದು ಗೆರೆ ಉಳಿದವು. ಹೋದ ಮೂರು ಮಾತ್ರ ಹೋದವೇ. ಪಶ್ಚಾತ್ತಾಪದಿಂದ ಅವು ಮರಳಿ ಬರತಕ್ಕವಲ್ಲ. ಉಳಿದವುಗಳನ್ನು ಮುಂದಿನವನ ಕೈಗೆ ತಿಳಿವಿನೊಡನೆ ಒಪ್ಪಿಸುವುದಷ್ಟೇ ಮನುಷ್ಯನಿಗೆ ಸಾಧ್ಯ.

ಭಟ್ಟರ ಮೊಮ್ಮಗನು ರಜೆಗೆ ಬಂದಾಗಲೆಲ್ಲ ಆ ಬೈಸಿಕಲ್ಲನ್ನು ತುಳಿಯುತ್ತಾನೆ; ಪಾನಾಗಳ ಚೀಲವನ್ನು ಬಿಚ್ಚಿ ಜೋಡಿಸುವುದರಲ್ಲಿಯೂ ಅವನಿಗೆ ಆಸಕ್ತಿ. ಭಟ್ಟರು ಆ ವರ್ಷದ ಪಂಚಾಂಗದ ಕಡೆಯ ಖಾಲಿ ಹಾಳೆಯನ್ನು ಕತ್ತರಿಸಿ, ಶ್ರಾದ್ಧದ ತಿಥಿಗಳನ್ನು ಬರೆಯುವ ದುಂಡಾದ ಅಕ್ಷರಗಳಲ್ಲಿಯೇ ನಾಲ್ಕು ಸಾಲು ಬರೆದು ಆ ಚೀಲದಲ್ಲಿಟ್ಟರು: “ಬಲಗಡೆಯ ಬಟ್ಟಲು ಅಪ್ರದಕ್ಷಿಣವಾಗಿ ಬಿಗಿಯುತ್ತದೆ, ಪ್ರದಕ್ಷಿಣವಾಗಿ ಬಿಚ್ಚುತ್ತದೆ. ಓಲಾಟ ಕಂಡರೆ ಮೊದಲು ಅಚ್ಚನ್ನು ನೋಡತಕ್ಕದ್ದು. ಬಟ್ಟಲನ್ನು ತೆಗೆಯಲೇಬೇಕಾದರೆ ಮೊದಲು ಕಾಯಿಸತಕ್ಕದ್ದು. ಹೊರಗಿನ ಮೂರು ಗೆರೆ ನಿನ್ನ ಅಜ್ಜನಿಂದ ಹೋದವು.”